ಮೇಸ್ತ್ರಿಯ ಕಿವಿ, ಅಪ್ಪನ ಫಿಯೆಟ್ಟು

ಹಳೆಯ ಕಾರಿನ ತೊಂದರೆಗಳಲ್ಲಿ ಹೆಚ್ಚಿನವು ಬೆಳಗ್ಗೆ ಸ್ಟಾರ್ಟ್ ಮಾಡುವಾಗಲೇ ಗೊತ್ತಾಗಿಬಿಡುತ್ತವೆ. ಬ್ಯಾಟರಿ ಇಳಿದಿದ್ದರೆ ಸೆಲ್ಫ್ ತಿರುಗುವುದಿಲ್ಲ. ಕಾರ್ಬುರೇಟರಿನಲ್ಲಿ ಕಸ ಸಿಕ್ಕಿದ್ದರೆ ಎಂಜಿನ್ ಹಿಡಿದು ನಿಲ್ಲುವುದಿಲ್ಲ. ಪ್ಲಗ್ಗಿಗೆ ಮಸಿ ಕಟ್ಟಿದ್ದರೆ ಒಂದು ಸಿಲಿಂಡರ್ ತಪ್ಪಿ ಗಾಡಿಯೆಲ್ಲ ಅದುರುತ್ತದೆ. ಆಯಿಲ್ ಪ್ರೆಶರ್ ಬೀಳುವುದು ಮಾತ್ರ ಹಾಗಲ್ಲ. ಬೆಳಗಿನ ತಣ್ಣನೆಯ ಎಂಜಿನ್ನಿನಲ್ಲಿ ಅದರ ಸುಳಿವೇ ಇರುವುದಿಲ್ಲ. ದೂರ ಹೋಗಿ, ಎಂಜಿನ್ ಕಾದು, ದಾರಿಯಲ್ಲಿ ಎಲ್ಲೋ ಒಂದು ಕಡೆ ನಿಲ್ಲಿಸಿದಾಗ ಮುಖ ತೋರಿಸುತ್ತದೆ.

ತೀರ್ಥಹಳ್ಳಿಯ ನಮ್ಮ ಮನೆಯ ಫಿಯೆಟ್ಟಿಗೆ ಅದು ಕಾಣಿಸಿಕೊಳ್ಳುತ್ತಿದ್ದ ಜಾಗ ಆಗುಂಬೆ. ಉಡುಪಿಯಿಂದ ಬರುವಾಗ ಸೋಮೇಶ್ವರ ದಾಟಿದ ಮೇಲೆ ಹದಿನಾಲ್ಕು ತಿರುವುಗಳ ಏರು. ಫಸ್ಟ್ ಗೇರು, ಸೆಕೆಂಡ್ ಗೇರು, ಮತ್ತೆ ಫಸ್ಟ್. ಮೇಲೆ ಚೆಕ್‌ಪೋಸ್ಟಿನ ಹತ್ತಿರ ಅಪ್ಪ ಗಾಡಿಯನ್ನು ನ್ಯೂಟ್ರಲ್‌ಗೆ ತಂದು ನಿಲ್ಲಿಸಿದರೆ ಸ್ಪೀಡೋಮೀಟರಿನ ಪಕ್ಕದ ಆಯಿಲ್ ಪ್ರೆಶರಿನ ಕೆಂಪು ದೀಪ ಮಿಣುಕಲು ಶುರು. ಆಕ್ಸಿಲರೇಟರನ್ನು ಸ್ವಲ್ಪ ಒತ್ತಿದರೆ ಆರುತ್ತಿತ್ತು. ಕಾಲು ತೆಗೆದರೆ ಮತ್ತೆ ಮಿಣುಕುತ್ತಿತ್ತು. ಹಿಂದಿನ ಸೀಟಿನಲ್ಲಿದ್ದ ನಮಗೆ ಅದು ನೋಡುವುದಕ್ಕೊಂದು ಮೋಜು. ಅಪ್ಪ ಮಾತ್ರ ಕೂಡಲೇ ಕೀಲಿ ತಿರುಗಿಸಿ ಎಂಜಿನ್ ಬಂದ್ ಮಾಡಿ ಬಾನೆಟ್ ಎತ್ತಿ, ಅದು ತಣಿಯುವವರೆಗೆ ಯಾರ ಹತ್ತಿರವೂ ಮಾತಾಡುತ್ತಿರಲಿಲ್ಲ.

ಊರಿನವರೆಲ್ಲ ಫಿಯೆಟ್ಟು ಎನ್ನುತ್ತಿದ್ದ ಆ ಕಾರು ಪ್ರೀಮಿಯರ್ ಪದ್ಮಿನಿ. ಇಟಲಿಯ ಫಿಯೆಟ್ 1100 ಡಿ ಮಾದರಿಯನ್ನು ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಕಂಪನಿ 1964ರಿಂದ ತಯಾರಿಸುತ್ತಿತ್ತು. ಪದ್ಮಿನಿ ಎಂಬ ಹೆಸರು ಬಂದದ್ದು 1974ರಲ್ಲಿ. 68 ಮಿಲಿಮೀಟರ್ ಬೋರ್, 75 ಮಿಲಿಮೀಟರ್ ಸ್ಟ್ರೋಕ್, ನಾಲ್ಕು ಸಿಲಿಂಡರಿಗೆ ಒಟ್ಟು 1089 ಸಿಸಿ. ಗೇರಿನ ಕಡ್ಡಿ ಸ್ಟೀರಿಂಗಿನ ಪಕ್ಕದಲ್ಲಿ. ಮುಂದಿನದೂ ಒಂದೇ ಉದ್ದನೆಯ ಸೀಟಾದ್ದರಿಂದ ಅಮ್ಮನ ಪಕ್ಕದಲ್ಲಿ ಅಜ್ಜಿಗೂ ಜಾಗವಿತ್ತು. ಅಪ್ಪ ಅದನ್ನು 1983ರಲ್ಲಿ ಶಿವಮೊಗ್ಗದ ಅಡಿಕೆ ವ್ಯಾಪಾರಿಯೊಬ್ಬರಿಂದ ಕೊಂಡಿದ್ದರು. ಆಗಲೇ ಅದಕ್ಕೆ ವಯಸ್ಸಾಗಿತ್ತು.

ಅಪ್ಪನದು ಪ್ರಿಂಟಿಂಗ್ ಪ್ರೆಸ್ಸು. ಒಂದು ಟ್ರೆಡಲ್ ಮಷೀನು, ಮೊಳೆ ಜೋಡಿಸುವ ಕೇಸುಗಳು, ಒಂದು ಕಟಿಂಗ್ ಮಷೀನು. ಮದುವೆ ಕಾಗದ, ಸಹಕಾರ ಸಂಘದ ರಸೀದಿ, ಜಾತ್ರೆಯ ಕರಪತ್ರ ಅವರ ಜೀವನ. ಟ್ರೆಡಲ್ಲಿನ ಒಂದೊಂದು ಕೀಲಿಗೂ ಬೆಳಗ್ಗೆ ಎದ್ದ ಕೂಡಲೇ ಎಣ್ಣೆ ಬಿಡುವುದು ಅವರಿಗೆ ಸಂಧ್ಯಾವಂದನೆಗಿಂತ ಕಡ್ಡಾಯ. ಎಣ್ಣೆಯ ಮಹತ್ವವನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹಾಗಾಗಿಯೇ ಆ ಕೆಂಪು ದೀಪ ಅವರನ್ನು ಅಷ್ಟು ಕಾಡುತ್ತಿತ್ತು.

ಅವರು ಮೊದಲು ಗಾಡಿಯನ್ನು ತೋರಿಸಿದ್ದು ದೊಡ್ಡ ಊರಿನ ಒಂದು ಗ್ಯಾರೇಜಿನಲ್ಲಿ. ಅಲ್ಲಿ ಐದು ನಿಮಿಷ ಶಬ್ದ ಕೇಳಿ, ಎಂಜಿನ್ ಇಳಿಸಬೇಕು, ಬೋರ್ ಮಾಡಿಸಬೇಕು, ಕ್ರ್ಯಾಂಕ್ ಗ್ರೈಂಡ್ ಮಾಡಿಸಬೇಕು ಎಂದರು. ಅವರು ಹೇಳಿದ ಖರ್ಚು ಪ್ರೆಸ್ಸಿನ ಮೂರ್ನಾಲ್ಕು ತಿಂಗಳ ಗಳಿಕೆ. ಅಪ್ಪ ಗಾಡಿಯನ್ನು ಹಾಗೇ ತಿರುಗಿಸಿಕೊಂಡು ಬಂದರು. ಊರಿನಲ್ಲಿ, ತುಂಗಾ ಸೇತುವೆಯಿಂದ ಸ್ವಲ್ಪ ದೂರದಲ್ಲಿ, ಹೆಂಚಿನ ಮಾಡಿನ ಕೆಳಗೆ ಒಂದು ಗ್ಯಾರೇಜಿತ್ತು. ಅದರ ಮೇಸ್ತ್ರಿಯ ವಿಷಯವನ್ನೇ ನಾನು ಬರೆಯಬೇಕೆಂದು ಕೂತಿರುವುದು.

ಅವರ ಹೆಸರು ಹೇಳಿ ಕರೆದವರನ್ನು ನಾನು ಕಂಡಿಲ್ಲ. ಊರಿಗೆಲ್ಲ ಮೇಸ್ತ್ರಿ. ಸಣಕಲು ಆಳು, ಖಾಕಿ ಚಡ್ಡಿ, ಕಿವಿಯ ಮೇಲೆ ಸದಾ ಒಂದು ಮೊಂಡು ಪೆನ್ಸಿಲ್. ಕೈ ತೊಳೆಯದೆ ಬಾನೆಟ್ ಮುಟ್ಟುತ್ತಿರಲಿಲ್ಲ. ಕೆಲಸ ಮುಗಿದ ಮೇಲೆ ಕೈ ತೊಳೆಯುವವರನ್ನು ನೋಡಿದ್ದೇನೆ, ಶುರುವಿಗೆ ಮುಂಚೆ ತೊಳೆಯುತ್ತಿದ್ದವರು ಅವರೊಬ್ಬರೇ. ಬೆರಳಿಗೆ ಜಿಡ್ಡಿದ್ದರೆ ಹೊಸ ಆಯಿಲ್ ಯಾವುದು ಹಳೆಯದು ಯಾವುದು ತಿಳಿಯುವುದಿಲ್ಲ ಎಂದು ಕಾರಣ ಕೊಡುತ್ತಿದ್ದರು.

ಅಪ್ಪ ಕಥೆಯನ್ನೆಲ್ಲ ಹೇಳುವವರೆಗೆ ಮೇಸ್ತ್ರಿ ಒಂದು ಪಾನಾವನ್ನೂ ಎತ್ತಲಿಲ್ಲ. ಆಮೇಲೆ ಪ್ರಶ್ನೆಗಳು. ದೀಪ ಹತ್ತೋದು ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ? ಓಡುವಾಗಲೋ ನಿಂತಾಗಲೋ? ತಿರುವಿನಲ್ಲೋ ನೇರ ರಸ್ತೆಯಲ್ಲೋ? ದೀಪದ ಜೊತೆ ಶಬ್ದ ಬರುತ್ತದೋ, ಬರೀ ದೀಪವೋ? ಕೊನೆಯ ಸಲ ಆಯಿಲ್ ಬದಲಿಸಿದ್ದು ಯಾವಾಗ, ಯಾವ ನಂಬರಿನದು? ಪ್ರತಿಯೊಂದಕ್ಕೂ ಅರ್ಥವಿತ್ತು. ತಿರುವಿನಲ್ಲಿ ಮಾತ್ರ ದೀಪ ಹತ್ತಿದರೆ ಚೇಂಬರಿನಲ್ಲಿ, ಅಂದರೆ ಎಂಜಿನ್ನಿನ ಬುಡದ ಆಯಿಲ್ ತೊಟ್ಟಿಯಲ್ಲಿ, ಆಯಿಲ್ ಕಡಿಮೆ; ಗಾಡಿ ಓಲಿದಾಗ ಆಯಿಲೆಲ್ಲ ಒಂದು ಕಡೆ ಸರಿದು, ಪಂಪು ಗಾಳಿ ಎಳೆಯುತ್ತದೆ. ಓಡುವಾಗಲೂ ಹತ್ತಿಯೇ ಇದ್ದರೆ ಅಪಾಯ, ಅಲ್ಲೇ ನಿಲ್ಲಿಸಬೇಕು. ಬಿಸಿಯಾಗಿ ನಿಂತಾಗ ಮಾತ್ರ ಮಿಣುಕಿದರೆ ವಿಚಾರಿಸಿ ನೋಡುವುದಕ್ಕೆ ಸಮಯವಿದೆ.

"ಪಂಪು ಪ್ರೆಶರ್ ಕೊಡೋದಿಲ್ಲ ಯಜಮಾನ್ರೆ, ಅದು ಕೊಡೋದು ಬರೀ ಆಯಿಲ್" ಎಂದರು ಮೇಸ್ತ್ರಿ. "ಅದನ್ನ ತಡೆಯೋದು ಒಂದು ಇದ್ರೆ ಪ್ರೆಶರ್. ತೋಟಕ್ಕೆ ನೀರು ಬಿಡೋವಾಗ ಪೈಪಿನ ಬಾಯಿಗೆ ಹೆಬ್ಬೆಟ್ಟು ಅಡ್ಡ ಇಡ್ತೀರಲ್ಲ, ಹಂಗೆ. ಬೆಟ್ಟು ತೆಗೆದ್ರೆ ನೀರು ಅಷ್ಟೇ ಬರ್ತದೆ, ರಭಸ ಎಲ್ಲಿ?"

ಎಂಜಿನ್ನಿನಲ್ಲಿ ಆ ಹೆಬ್ಬೆರಳಿನ ಕೆಲಸ ಮಾಡುವುದು ಬೇರಿಂಗುಗಳ ಸಂದು. ಕ್ರ್ಯಾಂಕ್ ಶಾಫ್ಟು ಕಬ್ಬಿಣದ ಮೇಲೆ ನೇರವಾಗಿ ತಿರುಗುವುದಿಲ್ಲ; ಶಾಫ್ಟಿಗೂ ಬೇರಿಂಗ್ ಶೆಲ್ಲಿಗೂ ನಡುವೆ ಕೂದಲೆಳೆಗಿಂತ ತೆಳುವಾದ ಸಂದು, ಅದರ ತುಂಬ ಒತ್ತಡದಲ್ಲಿರುವ ಎಣ್ಣೆ. ಆ ಎಣ್ಣೆಯ ಪದರದ ಮೇಲೆ ಶಾಫ್ಟು ತೇಲುತ್ತದೆ. ಸವೆದು ಸಂದು ಹಿಗ್ಗಿದಷ್ಟೂ ಎಣ್ಣೆ ಸಲೀಸಾಗಿ ಹೊರಗೆ ಸೋರುತ್ತದೆ. ಬಹಳ ವರ್ಷಗಳ ನಂತರ ಎಂಜಿನಿಯರಿಂಗ್ ಓದುವಾಗ ಗೊತ್ತಾದದ್ದು: ಸೋರಿಕೆ ಹೆಚ್ಚುವುದು ಸಂದಿನ ಅಳತೆಯ ಘನದ ಲೆಕ್ಕದಲ್ಲಿ. ಸಂದು ಎರಡು ಪಟ್ಟಾದರೆ ಸೋರಿಕೆ ಎಂಟು ಪಟ್ಟು. ಇದರ ಜೊತೆಗೆ ಬಿಸಿ. 40 ನಂಬರಿನ ಆಯಿಲ್ 40 ಡಿಗ್ರಿ ಶಾಖದಲ್ಲಿ ಎಷ್ಟು ಮಂದವಾಗಿರುತ್ತದೋ 100 ಡಿಗ್ರಿಯಲ್ಲಿ ಅದರ ಸುಮಾರು ಹತ್ತನೆಯ ಒಂದು ಪಾಲಿಗೆ ಇಳಿಯುತ್ತದೆ. ಘಾಟಿ ಹತ್ತಿದ ಎಂಜಿನ್ನಿನಲ್ಲಿ ಆಯಿಲ್ ತೆಳು, ನ್ಯೂಟ್ರಲ್ಲಿನಲ್ಲಿ ಪಂಪು ನಿಧಾನ, ಹಳೆಯ ಬೇರಿಂಗಿನ ಸಂದು ಅಗಲ. ಮೂರೂ ಕೂಡಿದ ಗಳಿಗೆಯಲ್ಲಿ ದೀಪ ಹತ್ತುತ್ತದೆ. ಇಷ್ಟನ್ನೂ ಮೇಸ್ತ್ರಿ ಲೆಕ್ಕವಿಲ್ಲದೆ ತಿಳಿದಿದ್ದರು. ಅವರು ಓದಿದ್ದು ನಾಲ್ಕನೆಯ ಕ್ಲಾಸು.

ಆದರೆ ಬೇರಿಂಗು ಅವರ ಪಟ್ಟಿಯಲ್ಲಿ ಕೊನೆಯದು. ಅವರ ಕ್ರಮದ ಬಗ್ಗೆ ನನಗೆ ಈಗಲೂ ಇರುವ ಗೌರವ ಈ ಕಾರಣಕ್ಕೆ. ಖರ್ಚಿಲ್ಲದ್ದನ್ನು ಮೊದಲು ನೋಡಬೇಕು, ಹೊರಗಿನದನ್ನು ಮೊದಲು ನೋಡಬೇಕು, ಬಿಚ್ಚಿದರೆ ಮತ್ತೆ ಮೊದಲಿನಂತೆ ಕೂಡಿಸಲಾಗದ್ದನ್ನು ಎಲ್ಲ ಆದ ಮೇಲೆ ಮುಟ್ಟಬೇಕು. ದೊಡ್ಡ ಗ್ಯಾರೇಜಿನವರು ಶುರು ಮಾಡಲು ಹೊರಟದ್ದು ಈ ಪಟ್ಟಿಯ ಬುಡದಿಂದ.

ಮೊದಲು ಗೇಜು ಕಡ್ಡಿ. ಅದನ್ನು ಎಳೆದು, ವೇಸ್ಟಿನಲ್ಲಿ ಒರೆಸಿ, ಮತ್ತೆ ತೂರಿಸಿ ಎಳೆದರು. ಆಯಿಲ್ ಕಡಿಮೆಯಿರಲಿಲ್ಲ, ಮೇಲಿನ ಗೀಟಿಗಿಂತ ಒಂದು ಬೆರಳು ಮೇಲಿತ್ತು. ಅಪ್ಪನಿಗೆ ಸಮಾಧಾನವಾಯಿತು. ಮೇಸ್ತ್ರಿಗೆ ಆಗಲಿಲ್ಲ. "ಯಾವಾಗ ಹಾಕಿದ್ರಿ?" ಎಂದರು. ಅಪ್ಪನ ಹತ್ತಿರ ಒಂದು ಪುಸ್ತಕವಿತ್ತು, ಪ್ರೆಸ್ಸಿನಲ್ಲಿ ಉಳಿದ ಕಾಗದದ ತುಂಡುಗಳನ್ನು ಹೊಲಿದು ಮಾಡಿದ್ದು. ಗಾಡಿಗೆ ಹಾಕಿದ ಪೆಟ್ರೋಲು, ಆಯಿಲ್, ಕಿಲೋಮೀಟರು ಎಲ್ಲ ಅದರಲ್ಲಿ. ತೆಗೆದು ನೋಡಿದರೆ ಎರಡು ತಿಂಗಳಿಂದ ತೊಟ್ಟು ಆಯಿಲನ್ನೂ ಹಾಕಿರಲಿಲ್ಲ. ಹಳೆಯ ಎಂಜಿನ್ನು ಆಯಿಲ್ ಕುಡಿಯಬೇಕು. ಇದು ಕುಡಿಯುವುದರ ಬದಲು ಹೆಚ್ಚಿಸಿಕೊಂಡಿತ್ತು!

ಮೇಸ್ತ್ರಿ ಕಡ್ಡಿಯನ್ನು ಮೂಗಿಗೆ ಹಿಡಿದರು. ಆಮೇಲೆ ನನ್ನ ಕಡೆ ತಿರುಗಿ, "ತಮ್ಮಾ, ಪ್ರೆಸ್ಸಿಗೆ ಓಡಿ ಒಂದು ಬ್ಲಾಟಿಂಗ್ ಪೇಪರ್ ತಗೊಂಬಾ" ಎಂದರು. ತಂದುಕೊಟ್ಟೆ. ಕಡ್ಡಿಯ ತುದಿಯಿಂದ ಒಂದು ಹನಿ ಅದರ ಮೇಲೆ ಬಿಟ್ಟು, ಪಕ್ಕದಲ್ಲಿ ಡಬ್ಬದಿಂದ ಹೊಸ ಆಯಿಲಿನ ಒಂದು ಹನಿ ಬಿಟ್ಟರು. ಚಹಾ ಬಂತು, ಕುಡಿದೆವು. ಹೊಸ ಆಯಿಲಿನ ಹನಿ ಬಿದ್ದಲ್ಲೇ ಸುಮ್ಮನೆ ಕೂತಿತ್ತು. ನಮ್ಮ ಗಾಡಿಯದು ನಡುವೆ ಕಪ್ಪು ಮಚ್ಚೆಯನ್ನು ಬಿಟ್ಟು, ಅದರ ಸುತ್ತ ಅಗಲವಾಗಿ ತಿಳಿ ಬಣ್ಣದ ಉಂಗುರ ಹರಡಿಕೊಂಡಿತ್ತು. "ಪೆಟ್ರೋಲು" ಎಂದರು ಮೇಸ್ತ್ರಿ. ಫಿಯೆಟ್ಟಿನ ಪೆಟ್ರೋಲ್ ಪಂಪು ಎಂಜಿನ್ನಿನ ಪಕ್ಕಕ್ಕೇ ಕೂತಿರುತ್ತದೆ. ಕ್ಯಾಮ್ ಶಾಫ್ಟಿನ ತಳ್ಳಾಟಕ್ಕೆ ಒಳಗಿನ ಡಯಾಫ್ರಮ್ ಮೇಲೆ ಕೆಳಗೆ ಆಡಿ ಪೆಟ್ರೋಲನ್ನು ಎಳೆಯುತ್ತದೆ. ಆ ಡಯಾಫ್ರಮ್ ಹರಿದರೆ ಪೆಟ್ರೋಲು ಕಾರ್ಬುರೇಟರಿಗೆ ಹೋಗುವುದರ ಜೊತೆಗೆ ಚೇಂಬರಿಗೂ ಇಳಿಯುತ್ತದೆ. ಆಯಿಲ್ ನೀರಾಗುತ್ತದೆ. ಎರಡು ಬೋಲ್ಟ್ ಬಿಚ್ಚಿ ಪಂಪು ಇಳಿಸಿದರೆ ಡಯಾಫ್ರಮ್ಮಿನ ಅಂಚಿನಲ್ಲಿ ಉಗುರಿನಷ್ಟು ಸೀಳು. ಹೊಸ ಡಯಾಫ್ರಮ್, ಹೊಸ ಆಯಿಲ್, ಹೊಸ ಫಿಲ್ಟರ್. ಅದಾದ ಮೇಲೆ ಎಷ್ಟೋ ವರ್ಷ ಆಗುಂಬೆಯಲ್ಲಿ ದೀಪ ಹತ್ತಲಿಲ್ಲ.

ಎಂಜಿನ್ ಇಳಿಸಿದ್ದರೆ ಏನಾಗುತ್ತಿತ್ತು? ಬೋರು, ಕ್ರ್ಯಾಂಕು ಎಲ್ಲ ಹೊಸದಾಗಿ, ಹರಿದ ಡಯಾಫ್ರಮ್ ಮಾತ್ರ ಹಾಗೇ ಉಳಿದು, ಹೊಸ ಬೇರಿಂಗನ್ನೂ ಪೆಟ್ರೋಲು ತಿಂದುಹಾಕುತ್ತಿತ್ತು. ಅಪ್ಪ ಇದನ್ನು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು. ಮೇಸ್ತ್ರಿಯ ಬಿಲ್ ಪುಸ್ತಕವನ್ನು ಆಮೇಲೆ ಅವರು ದುಡ್ಡಿಲ್ಲದೆ ಅಚ್ಚು ಹಾಕಿಕೊಟ್ಟರು. ಮೇಸ್ತ್ರಿ ಅದರಲ್ಲಿ ಬಿಲ್ ಬರೆದದ್ದನ್ನು ನಾನು ನೋಡಲಿಲ್ಲ.

ಶಾಲೆ ಬಿಟ್ಟ ಮೇಲೆ ನಾನು ಆ ಗ್ಯಾರೇಜಿನಲ್ಲಿ ಕೂರುವುದು ರೂಢಿಯಾಯಿತು. ಕಬ್ಬಿಣದ ಪೆಟ್ಟಿಗೆಯೊಂದರಲ್ಲಿ ಮೇಸ್ತ್ರಿ ತಮ್ಮದೇ ಒಂದು ಪ್ರೆಶರ್ ಗೇಜನ್ನು ಬಟ್ಟೆ ಸುತ್ತಿ ಇಟ್ಟಿದ್ದರು. ಹಿತ್ತಾಳೆಯ ಬಾಯಿ, ತಾಮ್ರದ ಸಣ್ಣ ಕೊಳವೆ. ಗಾಡಿಯ ದೀಪವನ್ನು ಅವರು ನಂಬುತ್ತಿರಲಿಲ್ಲ. ಎಂಜಿನ್ನಿಗೆ ಸಿಕ್ಕಿಸಿದ ಸಣ್ಣ ಸ್ವಿಚ್ಚು ಕೆಟ್ಟಿರಬಹುದು, ವೈರು ಗಾಡಿಯ ಮೈಗೆ ತಾಗುತ್ತಿರಬಹುದು. ಸ್ವಿಚ್ಚನ್ನು ಕಳಚಿ ಆ ತೂತಿಗೆ ತಮ್ಮ ಗೇಜನ್ನು ತಿರುಗಿಸಿ, ಎಂಜಿನ್ ಚೆನ್ನಾಗಿ ಕಾಯುವವರೆಗೆ ಓಡಿಸಿ ಆಮೇಲೆ ಓದುತ್ತಿದ್ದರು. ನಿಮಿಷಕ್ಕೆ 1000 ಸುತ್ತಿಗೆ 10 ಪೌಂಡಿನಂತೆ ಇದ್ದರೆ ಚಿಂತೆಯಿಲ್ಲ ಎನ್ನುವುದು ಅವರ ಲೆಕ್ಕ. ದೀಪವೇನೋ ಪ್ರೆಶರ್ ಐದಾರು ಪೌಂಡಿಗೆ ಇಳಿದ ಮೇಲೆ ಹತ್ತುತ್ತದೆ. ಅಂದರೆ ಅದು ಹತ್ತುವುದಕ್ಕೆ ಬಹಳ ಮೊದಲೇ ಸವೆತ ಶುರುವಾಗಿರುತ್ತದೆ. ಗೇಜಿನ ಮುಳ್ಳು ಇಳಿಯುತ್ತ ಬರುವುದನ್ನು ತಿಂಗಳು ತಿಂಗಳು ಬರೆದಿಟ್ಟವನಿಗೆ ಎಂಜಿನ್ ಎಷ್ಟು ದಿನ ಬಾಳುತ್ತದೆ ಎನ್ನುವುದು ಗೊತ್ತಾಗುತ್ತದೆ. ಅಪ್ಪನ ಪುಸ್ತಕದಲ್ಲಿ ಅಂದಿನಿಂದ ಇನ್ನೊಂದು ಕಾಲಮ್ಮು ಸೇರಿತು, 'ಪ್ರೆ.' ಎಂಬ ತಲೆಬರಹದ ಕೆಳಗೆ.

ಶಬ್ದ ಕೇಳುವುದಕ್ಕೆ ಮಾತ್ರ ಅವರು ಸಂಜೆಯಾಗುವುದನ್ನು ಕಾಯುತ್ತಿದ್ದರು. ಬಸ್ಸುಗಳ ಓಡಾಟ ಕಡಿಮೆಯಾಗಿ, ಪಕ್ಕದ ಸಾಮಿಲ್ಲು ನಿಂತ ಮೇಲೆ, ಹುಡುಗನೊಬ್ಬನಿಗೆ ರೇಸ್ ಕೊಡಲು ಹೇಳಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ ಹಿಡಿಯನ್ನು ಕಿವಿಗೆ ಆನಿಸಿಕೊಳ್ಳುತ್ತಿದ್ದರು. ಕಣ್ಣು ಮುಚ್ಚಿರುತ್ತಿತ್ತು. ಮೇಲಿನಿಂದ ಚಿಟಿಚಿಟಿ ಎಂದು ಹಗುರವಾಗಿ, ಎಂಜಿನ್ನಿನ ಅರ್ಧ ವೇಗದಲ್ಲಿ ಬಂದರೆ ಟ್ಯಾಪೆಟ್. ತಣ್ಣಗಿದ್ದಾಗ ಬಂದು ಕಾದ ಮೇಲೆ ಅಡಗಿದರೆ ಪಿಸ್ಟನ್ನು ಬೋರಿನಲ್ಲಿ ಸಡಿಲ. ರೇಸ್ ಬಿಟ್ಟ ಗಳಿಗೆಯಲ್ಲಿ ಟಕಟಕ ಎಂದು ಬಡಿದರೆ ಬಿಗ್ ಎಂಡ್, ಅಂದರೆ ಕನೆಕ್ಟಿಂಗ್ ರಾಡಿನ ಕೆಳತುದಿಯ ಬೇರಿಂಗ್. ಏರಿನಲ್ಲಿ ಭಾರ ಬಿದ್ದಾಗ ಬುಡದಿಂದ ದೊಂಯ್ ದೊಂಯ್ ಅಂದರೆ ಮೇನ್ ಬೇರಿಂಗ್, ಮತ್ತು ಅದು ಕೆಟ್ಟ ಸುದ್ದಿ. ಯಾವ ಸಿಲಿಂಡರಿನ ಬಿಗ್ ಎಂಡ್ ಎಂದು ಗೊತ್ತು ಮಾಡುವುದಕ್ಕೆ ಒಂದೊಂದೇ ಪ್ಲಗ್ಗಿನ ವೈರ್ ಕಳಚುತ್ತ ಹೋಗುತ್ತಿದ್ದರು; ಯಾವುದನ್ನು ಕಳಚಿದಾಗ ಬಡಿತ ತಗ್ಗಿತೋ ಅದೇ ಕಳ್ಳ. ಸ್ಕ್ರೂಡ್ರೈವರನ್ನು ಒಮ್ಮೆ ನನ್ನ ಕೈಗೂ ಕೊಟ್ಟಿದ್ದರು. ನನಗೆ ಕೇಳಿಸಿದ್ದು ಒಂದೇ ದೊಡ್ಡ ಗದ್ದಲ. "ಮೊದಲು ಸರಿ ಇರೋ ಗಾಡಿ ಕೇಳು. ಹತ್ತು ಗಾಡಿ ಕೇಳು. ಆಮೇಲೆ ಕೆಟ್ಟಿದ್ದು ತಾನೇ ಕೇಳಿಸ್ತದೆ" ಎಂದರು.

ಆ ಗ್ಯಾರೇಜಿನ ಬಾಗಿಲಲ್ಲಿ ಗಾಡಿ ಮಾರುವವರೂ ಬಂದು ನಿಲ್ಲುತ್ತಿದ್ದರು. ಎಂಜಿನ್ ಬಡಿತ ಅಡಗಿಸುವುದಕ್ಕೆ ಗೇರ್ ಬಾಕ್ಸಿಗೆ ಹಾಕುವ 90 ನಂಬರಿನ ಆಯಿಲನ್ನು ಎಂಜಿನ್ನಿಗೆ ಸುರಿದು, ಕೊಳ್ಳುವವನಿಗೆ ಒಂದು ಸುತ್ತು ಹೊಡೆಸಿ ತೋರಿಸುವುದು ಆಗ ಎಲ್ಲ ಕಡೆ ನಡೆಯುತ್ತಿತ್ತು. ಇನ್ನು ಕೆಲವರು ರಿಲೀಫ್ ವಾಲ್ವಿನ ಸ್ಪ್ರಿಂಗಿನ ಹಿಂದೆ ಒಂದು ವಾಷರ್ ಸಿಕ್ಕಿಸಿ ಗೇಜಿನ ಮುಳ್ಳನ್ನು ಮೇಲೇರಿಸುತ್ತಿದ್ದರು. ಪ್ರೆಶರ್ ಹೆಚ್ಚಾದರೆ ಆಯಿಲನ್ನು ಚೇಂಬರಿಗೆ ವಾಪಸು ಬಿಡುವುದು ಆ ವಾಲ್ವಿನ ಕೆಲಸ. ಸವೆದ ಬೇರಿಂಗಿನ ರೋಗ ಅದರಿಂದ ಎಳ್ಳಷ್ಟೂ ಗುಣವಾಗುವುದಿಲ್ಲ. ಮೇಸ್ತ್ರಿ ಇಂಥ ಕೆಲಸಕ್ಕೆ ಕೈ ಹಾಕುತ್ತಿರಲಿಲ್ಲ. ಒಬ್ಬರು ಹೆಚ್ಚಿಗೆ ದುಡ್ಡು ಕೊಡುತ್ತೇನೆಂದು ಒತ್ತಾಯಿಸಿದಾಗ, "ಕೊಂಡವನು ಹೆಂಡ್ತಿ ಮಕ್ಕಳನ್ನ ಕೂರಿಸ್ಕೊಂಡು ಘಾಟಿ ಇಳಿತಾನೆ ಮಾರಾಯ್ರೆ" ಎಂದು ಹೇಳಿ ಒಳಗೆ ಹೋಗಿಬಿಟ್ಟರು.

ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಊರು ಬದಲಾಗಿತ್ತು. ಆಫ್‌ಸೆಟ್ ಬಂದು ಅಪ್ಪನ ಟ್ರೆಡಲ್ ನಿಂತಿತು, ಸೀಸದ ಮೊಳೆಗಳು ತೂಕದ ಲೆಕ್ಕದಲ್ಲಿ ಹೋದವು. ಮಾರುತಿ ಎಲ್ಲರ ಅಂಗಳದಲ್ಲಿ. ಪದ್ಮಿನಿಯ ತಯಾರಿಕೆ 2000ದ ಆಸುಪಾಸಿಗೆ ಮುಗಿಯಿತು. ಆ ವರ್ಷಗಳಲ್ಲೇ ಅಪ್ಪನ ಪುಸ್ತಕದ ಕಾಲಮ್ಮಿನಲ್ಲಿ ಅಂಕಿಗಳು ಇಳಿಯಲು ಶುರುವಾದವು. ಬಿಸಿಯಾಗಿ ನಿಂತಾಗ 15 ಇದ್ದದ್ದು 12, ಆಮೇಲೆ 9, ಒಂದು ಮಳೆಗಾಲ ಕಳೆಯುವಷ್ಟರಲ್ಲಿ 5. ಈ ಸಲ ಆಯಿಲಿನಲ್ಲಿ ಪೆಟ್ರೋಲಿನ ವಾಸನೆ ಇರಲಿಲ್ಲ. ಹೆಡ್ ಗ್ಯಾಸ್ಕೆಟ್ ಹೋಗಿ ನೀರು ಸೇರಿದ್ದರೆ ಆಯಿಲ್ ಬೆಳ್ಳಗೆ ನೊರೆಗಟ್ಟಬೇಕಿತ್ತು, ಅದೂ ಇಲ್ಲ. ಮೇಸ್ತ್ರಿಯ ಪಟ್ಟಿಯಲ್ಲಿ ಮೇಲಿನದೆಲ್ಲ ಒಂದೊಂದಾಗಿ ತೀರುತ್ತ ಬಂದು, ಕೊನೆಗೆ ಗಾಡಿಯನ್ನು ಗುಂಡಿಯ ಮೇಲೆ ನಿಲ್ಲಿಸಿ ಚೇಂಬರ್ ಇಳಿಸಬೇಕಾಯಿತು.

ಆಯಿಲ್ ಪಂಪಿನ ಜಾಲರಿಯಲ್ಲಿ ಕಸ ಕಟ್ಟಿರಲಿಲ್ಲ. ಪಂಪಿನ ಹಲ್ಲುಗಳ ಮೇಲೆ ಉಕ್ಕಿನ ಪಟ್ಟಿ ಇಟ್ಟು ಫೀಲರ್ ಗೇಜ್ ತೂರಿಸಿ ನೋಡಿದರು. ಸ್ವಲ್ಪ ಸವೆದಿದೆ, ಇಷ್ಟಕ್ಕೆಲ್ಲ ಇದು ಕಾರಣವಲ್ಲ ಎಂದರು. ಆಮೇಲೆ ಒಂದು ಬಿಗ್ ಎಂಡಿನ ಕ್ಯಾಪ್ ಬಿಚ್ಚಿ, ಅರ್ಧಚಂದ್ರದ ಆ ಶೆಲ್ಲನ್ನು ಸೀಮೆಎಣ್ಣೆಯಲ್ಲಿ ಅದ್ದಿ ತೊಳೆದರು. ಬೂದು ಬಣ್ಣದ ಮೆತ್ತನೆಯ ಲೋಹ ನಡುವೆ ಪೂರ್ತಿ ಸವೆದು, ಅಡಿಯ ತಾಮ್ರ ಕೆಂಪಗೆ ಎದ್ದಿತ್ತು. ಶೆಲ್ಲನ್ನು ಮಗುಚಿ, ಬೆನ್ನಿನ ಮೇಲೆ ಟಾರ್ಚು ಬಿಟ್ಟು, ಹೆಬ್ಬೆರಳಿನಿಂದ ಉಜ್ಜಿ, ಅಪ್ಪನ ಕೈಗೆ ಕೊಟ್ಟರು. ಅಚ್ಚಿನ ಮೊಳೆಯನ್ನು ತಿರುವುಮುರುವಾಗಿಯೇ ಓದಿ ಅಭ್ಯಾಸವಾಗಿದ್ದ ಅಪ್ಪ ಕನ್ನಡಕ ಮೇಲೆತ್ತಿ ಓದಿದರು: 040.

ಕ್ರ್ಯಾಂಕ್ ಶಾಫ್ಟು ಸವೆದಾಗ ಅದನ್ನು ಗ್ರೈಂಡ್ ಮಾಡಿ ದುಂಡಗೆ ಮಾಡುತ್ತಾರೆ. ಅದರಿಂದ ಶಾಫ್ಟು ಸಣ್ಣಗಾಗುತ್ತದೆ, ಆ ಸಣ್ಣ ಅಳತೆಗೆ ದಪ್ಪ ಶೆಲ್ ಹಾಕುತ್ತಾರೆ. ಇಂಚಿನ ಸಾವಿರದ ಲೆಕ್ಕದಲ್ಲಿ 10, 20, 30, 40. ನಲವತ್ತರ ಆಚೆಗೆ ಶೆಲ್ ಇಲ್ಲ. ನಮಗಿಂತ ಮುಂಚಿನವರೋ, ಅವರಿಗಿಂತ ಮುಂಚಿನವರೋ, ಆ ಕ್ರ್ಯಾಂಕನ್ನು ಆಗಲೇ ಕೊನೆಯ ಅಳತೆಗೆ ತಂದು ಮುಟ್ಟಿಸಿದ್ದರು. ಮೇಸ್ತ್ರಿ ಮೈಕ್ರೋಮೀಟರ್ ಹಿಡಿದು ಎರಡು ದಿಕ್ಕಿನಿಂದ ಅಳೆದರು. ಶಾಫ್ಟು ದುಂಡಗಿರಲಿಲ್ಲ. "ಇನ್ನು ಉಜ್ಜೋದಕ್ಕೆ ಮೈ ಇಲ್ಲ ಯಜಮಾನ್ರೆ" ಎಂದರು.

ಬೇರೆ ಕ್ರ್ಯಾಂಕ್ ಹುಡುಕಿಕೊಂಡು ಅಪ್ಪನೂ ನಾನೂ ಬೆಂಗಳೂರಿಗೆ ಹೋದೆವು. ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಫಿಯೆಟ್ ಎಂದ ಕೂಡಲೇ ತಲೆ ಅಲ್ಲಾಡಿಸುತ್ತಿದ್ದರು. ಶಿವಾಜಿನಗರದ ಗುಜರಿಯಲ್ಲಿ ಕ್ರ್ಯಾಂಕುಗಳೇನೋ ಇದ್ದವು. ಮೇಸ್ತ್ರಿ ಹೇಳಿಕಳಿಸಿದ್ದ ಪ್ರಕಾರ ಅಪ್ಪ ಒಂದೊಂದನ್ನೂ ಹಗ್ಗದಲ್ಲಿ ತೂಗಿಸಿ ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಿದರು. ಬಿರುಕಿಲ್ಲದ ಕ್ರ್ಯಾಂಕ್ ಟಣ್ಣೆಂದು ನಾದ ಎಳೆಯುತ್ತದೆ, ಬಿರುಕಿದ್ದರೆ ಬೊದ್ದು. ನಾದ ಬಂದದ್ದು ಒಂದೇ. ಅದು ಮಳೆಯಲ್ಲಿ ಬಿದ್ದು, ಬೇರಿಂಗ್ ಕೂರುವ ಜಾಗದಲ್ಲೇ ತುಕ್ಕು ತಿಂದು ಗುಳಿಗಳಾಗಿದ್ದವು. ಅಂಗಡಿಯ ಸಾಬರು ಒಳ್ಳೆಯ ಮನುಷ್ಯರು. ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದು, ಇದನ್ನು ನಿಮಗೆ ಮಾರುವುದಿಲ್ಲ ಎಂದರು.

ವೆಲ್ಡಿಂಗಿನಿಂದ ಲೋಹ ತುಂಬಿಸಿ ಮತ್ತೆ ಗ್ರೈಂಡ್ ಮಾಡಿಕೊಡುವವರಿದ್ದರು. ಅಪ್ಪ ಅದನ್ನು ಮಾಡಿಸೋಣ ಎಂದರು. ಮೇಸ್ತ್ರಿ ಒಪ್ಪಲಿಲ್ಲ. ಆ ಕೆಲಸ ಸರಿಯಾಗಿ ಮಾಡಬಲ್ಲವರನ್ನು ತಾನು ನೋಡಿಲ್ಲ, ಏರಿನಲ್ಲಿ ಕ್ರ್ಯಾಂಕ್ ತುಂಡಾದರೆ ಗಾಡಿ ಹಿಡಿತಕ್ಕೆ ಸಿಗುವುದಿಲ್ಲ ಎಂದರು. ಹೊಸ 040 ಶೆಲ್ ಹುಡುಕಿ ಹಾಕಿ, 20ಡಬ್ಲ್ಯೂ50 ಆಯಿಲ್ ತುಂಬಿ, ಊರೊಳಗೆ ಓಡಿಸಿ, ಘಾಟಿ ಮರೆತುಬಿಡಿ ಎಂದರು. ಓವರ್‌ಹಾಲಿಗೆ ಎಂದು ಅಪ್ಪ ಎತ್ತಿಟ್ಟಿದ್ದ ದುಡ್ಡು ಅವರ ಮುಂದೆಯೇ ಇತ್ತು. ಅವರಿಗೂ ಆಗ ಕೆಲಸ ಕಡಿಮೆಯಿತ್ತು. ಹೊಸ ಕಾರುಗಳೆಲ್ಲ ಕಂಪನಿಯ ಸರ್ವೀಸಿಗೆ ಹೋಗುತ್ತಿದ್ದವು. ತೆಗೆದುಕೊಳ್ಳಲಿಲ್ಲ.

ಅಪ್ಪ ಅಂಗಳದಿಂದ ಪೇಟೆಗೆ, ಪೇಟೆಯಿಂದ ಅಂಗಳಕ್ಕೆ ಕೆಲವು ವರ್ಷ ಅದನ್ನು ಓಡಿಸಿದರು. ಪುಸ್ತಕದಲ್ಲಿ ಪ್ರೆಶರ್ ಬರೆಯುವುದನ್ನು ನಿಲ್ಲಿಸಲಿಲ್ಲ. ಕೊನೆಯ ಪುಟಗಳಲ್ಲಿ ಅಕ್ಷರ ನಡುಗಿದೆ, ಅಂಕಿ ನಡುಗಿಲ್ಲ. ಅವರು ತೀರಿಕೊಂಡ ಮೇಲೆ ಗಾಡಿಯನ್ನು ಇಟ್ಟುಕೊಳ್ಳುವುದಕ್ಕೆ ನಮ್ಮಲ್ಲಿ ಯಾರಿಗೂ ಆಗಲಿಲ್ಲ. ನಾನು ಬೆಂಗಳೂರಿನಲ್ಲಿ, ತಮ್ಮ ಪುಣೆಯಲ್ಲಿ. ಗುಜರಿಯವನು ಬರುವ ಹಿಂದಿನ ದಿನ ಮೇಸ್ತ್ರಿ ತಾವಾಗಿಯೇ ಬಂದು ಸೋಲೆಕ್ಸ್ ಕಾರ್ಬುರೇಟರು, ಡಿಸ್ಟ್ರಿಬ್ಯೂಟರು, ಪೆಟ್ರೋಲ್ ಪಂಪು ಬಿಚ್ಚಿಕೊಂಡರು. ಕೊಪ್ಪದಲ್ಲಿ ಒಬ್ಬರ ಫಿಯೆಟ್ಟು ಇನ್ನೂ ಓಡುತ್ತಿದೆ, ಅದಕ್ಕೆ ಬೇಕು ಎಂದರು. ಬಾನೆಟ್ಟನ್ನು ಮುಚ್ಚುವಾಗ ಯಾವಾಗಲೂ ಮಾಡುತ್ತಿದ್ದ ಹಾಗೆ ಎರಡೂ ಅಂಗೈಯಿಂದ ಒತ್ತಿ ಮುಚ್ಚಿದರು.

ಮೇಸ್ತ್ರಿಯೂ ಈಗ ಇಲ್ಲ. ಹೆಂಚಿನ ಮಾಡಿದ್ದ ಜಾಗದಲ್ಲಿ ಮೊಬೈಲ್ ಅಂಗಡಿ ಇದೆ. ಅವರ ಹತ್ತಿರ ಕಲಿತ ಹುಡುಗ ಬೈಕುಗಳ ಸರ್ವೀಸ್ ನಡೆಸುತ್ತಾನೆ, ಚೆನ್ನಾಗಿ ನಡೆಸುತ್ತಾನೆ. ಆ ತಾಮ್ರದ ಕೊಳವೆಯ ಗೇಜು ಎಲ್ಲಿ ಹೋಯಿತೆಂದು ಅವನಿಗೂ ಗೊತ್ತಿಲ್ಲ. ಮುಂಬಯಿಯ ಕಪ್ಪು ಹಳದಿ ಟ್ಯಾಕ್ಸಿಗಳಲ್ಲಿ ಕೊನೆಯ ಪದ್ಮಿನಿಯ 20 ವರ್ಷದ ಅವಧಿ ಮುಗಿದು 2023ರ ಅಕ್ಟೋಬರಿನಲ್ಲಿ ಅದು ರಸ್ತೆ ಬಿಟ್ಟಾಗ ಪತ್ರಿಕೆಗಳೆಲ್ಲ ಚಿತ್ರ ಹಾಕಿದವು. ಆ ಟ್ಯಾಕ್ಸಿಗಳನ್ನು ಅಷ್ಟು ವರ್ಷ ಓಡುವಂತೆ ಇಟ್ಟ ಮೇಸ್ತ್ರಿಗಳ ಚಿತ್ರ ನನ್ನ ಕಣ್ಣಿಗೆ ಎಲ್ಲೂ ಬೀಳಲಿಲ್ಲ. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣದ ಶುಲ್ಕ 2022ರ ಏಪ್ರಿಲಿನಿಂದ 600 ರೂಪಾಯಿಯಿಂದ 5000ಕ್ಕೆ ಏರಿತು. ಹಳೆಯ ಗಾಡಿ ಇಟ್ಟುಕೊಳ್ಳುವವರು ಇನ್ನೂ ಕಡಿಮೆಯಾಗುತ್ತಾರೆ. ಗಾಡಿ ಇಲ್ಲದ ಮೇಲೆ ಅದರ ವಿದ್ಯೆ ಎಲ್ಲಿ ನಿಲ್ಲುತ್ತದೆ?

ಹೊಸ ಕಾರುಗಳನ್ನು ನಾನು ತೆಗಳುವುದಿಲ್ಲ. ನನ್ನ ಮಕ್ಕಳು ಕೂರುವ ಕಾರಿನಲ್ಲಿ ಏರ್ ಬ್ಯಾಗ್ ಇದೆ, ಹೊಗೆ ಕಡಿಮೆ, ಆಗುಂಬೆಯನ್ನು ಅದು ಉಸಿರು ಬಿಡದೆ ಹತ್ತುತ್ತದೆ. ಸ್ಟೀರಿಂಗಿನ ಕೆಳಗಿನ ಕಿಂಡಿಗೆ ಸ್ಕ್ಯಾನರ್ ಸಿಕ್ಕಿಸಿದರೆ ಪಿ0524 ಎಂಬ ಸಂಕೇತ ಬರುತ್ತದೆ. ಆಯಿಲ್ ಪ್ರೆಶರ್ ಕಡಿಮೆ ಎಂದು ಅರ್ಥ. ಅದು ಉಪಯೋಗದ್ದೇ. ಯಾಕೆ ಕಡಿಮೆ ಎನ್ನುವುದನ್ನು ಮಾತ್ರ ಅದು ಹೇಳುವುದಿಲ್ಲ. ಅಲ್ಲಿಂದ ಮುಂದೆ ಇವತ್ತಿಗೂ ಒಬ್ಬ ಮನುಷ್ಯ ಕಡ್ಡಿ ಎಳೆಯಬೇಕು, ಮೂಸಬೇಕು, ಸ್ವಿಚ್ಚು ಕಳಚಿ ಗೇಜು ಹಾಕಬೇಕು, ಅಗ್ಗದ್ದರಿಂದ ದುಬಾರಿಯ ಕಡೆಗೆ ಹೋಗಬೇಕು. ಇಡೀ ಎಂಜಿನ್ ಬದಲಿಸಲು ಹೇಳುವುದು ಅದಕ್ಕಿಂತ ಸುಲಭ, ಹೆಚ್ಚಿನವರು ಅದನ್ನೇ ಹೇಳುತ್ತಾರೆ. ನಮ್ಮ ಮೇಸ್ತ್ರಿ ಹೋದದ್ದರಿಂದ ಆದ ನಷ್ಟವನ್ನು ನಾನು ಅಳೆಯುವುದು ಇಲ್ಲಿ. ಗೊತ್ತಿಲ್ಲದಿದ್ದಾಗ ಬಿಚ್ಚದೆ ಇರುವ, ಬಿಚ್ಚಿ ನೋಡಿದ ಮೇಲೆ ಆಗದ್ದನ್ನು ಆಗದು ಎನ್ನುವ ಧೈರ್ಯವಿದ್ದವರು ಅವರು.

ಅವರು ಹೇಳಿದ್ದರಲ್ಲಿ ಸ್ವಲ್ಪ ಭಾಗ ಅಪ್ಪನ ಪುಸ್ತಕದ ಅಂಚುಗಳಲ್ಲಿ ಉಳಿದಿದೆ, ಉಳಿದದ್ದು ಅವರ ಜೊತೆ ಹೋಯಿತು. ನಿಮ್ಮ ಊರಿನಲ್ಲಿ ಅಂಥವರು ಇನ್ನೂ ಒಬ್ಬರಿದ್ದರೆ, ಅವರ ಗ್ಯಾರೇಜಿಗೆ ಒಂದು ಸಂಜೆ ಹೋಗಿ. ಗಾಡಿ ಇಲ್ಲದಿದ್ದರೂ ಪರವಾಗಿಲ್ಲ, ಹೋಗಿ. ಶಬ್ದ ಕೇಳಿ ರೋಗ ಹೇಳುವುದು ಹೇಗೆಂದು ಕೇಳಿ, ಅವರು ಹೇಳುವ ಮಾತಿನಲ್ಲೇ ಬರೆದುಕೊಳ್ಳಿ. ಐಟಿಐ ಓದುವ ಮಗುವೊಂದು ಮನೆಯಲ್ಲಿದ್ದರೆ ಜೊತೆಗೆ ಕರೆದುಕೊಂಡು ಹೋಗಿ, ಆ ಸ್ಕ್ರೂಡ್ರೈವರನ್ನು ಅದರ ಕೈಗೂ ಒಮ್ಮೆ ಕೊಡಿಸಿ.